ಕೊನೆಯ ವಿಮಾನಕ್ಕೆ ಅಡ್ಡ ಕೂತವನು

ಅವನ ನಿಜವಾದ ಹೆಸರು ಹಾಜರಿ ಪುಸ್ತಕಕ್ಕೆ ಮಾತ್ರ ಗೊತ್ತಿತ್ತು. ಉಳಿದವರಿಗೆಲ್ಲ ಅವನು ದಿಮ್ಮಣ್ಣ. ಬಂದು ನಿಂತ ವಿಮಾನದ ಚಕ್ರ ಉರುಳದಂತೆ ಮರದ ದಿಮ್ಮಿ ಒತ್ತಿಡುವುದು, ಹೊರಡುವಾಗ ಎಳೆದು ತೆಗೆಯುವುದು, ಇಷ್ಟೇ ಅವನ ಕೆಲಸ. ಇಷ್ಟೇ ಎಂದು ಅವನೆದುರು ಹೇಳಿದವರ ಹಲ್ಲು ಮಾತ್ರ ಜಾಗದಲ್ಲಿ ಉಳಿಯುತ್ತಿರಲಿಲ್ಲ. ಮೂಗಿನ ತುದಿಯಲ್ಲೇ ಕೋಪ.

ಅವನು ಸೇರಿದಾಗ ಕಂಪನಿಗಿದ್ದದ್ದು ಎರಡು ವಿಮಾನ, ಅದರಲ್ಲೊಂದಕ್ಕೆ ಸದಾ ಕಾಯಿಲೆ. ಹದಿನೈದು ವರ್ಷದಲ್ಲಿ ತೊಂಬತ್ತಾದವು, ನಾಲ್ಕು ಖಂಡಕ್ಕೆ ಹಾರಿದವು. ಮಾಲೀಕರು ಎರಡು ಸಣ್ಣ ಕಂಪನಿಗಳನ್ನೂ ನುಂಗಿದರು, ಅರಗಿಸಿಕೊಳ್ಳಲಾಗಲಿಲ್ಲ. ಹಾಸಿಗೆ ಇದ್ದಷ್ಟು ಕಾಲು ಚಾಚಿ ಎಂದು ಹೇಳುವ ಧೈರ್ಯ ಆ ಗಾಜಿನ ಕಟ್ಟಡದಲ್ಲಿ ಯಾರಿಗಿತ್ತು?

ಆ ಏರುಗಾಲದಲ್ಲೇ ದಿಮ್ಮಣ್ಣ ತಮ್ಮನನ್ನೂ ಕೆಲಸಕ್ಕೆ ಸೇರಿಸಿದ. ಅಲ್ಲೊಂದು ಕಟ್ಟುನಿಟ್ಟಿತ್ತು: ದಿಮ್ಮಿ ಇಟ್ಟವನೇ ತೆಗೆಯಬೇಕು. ಬೇರೆಯವನು ಮುಟ್ಟಿದ್ದರಿಂದ ಒಮ್ಮೆ ವಿಮಾನ ಉರುಳಿ ಒಬ್ಬನ ಎರಡೂ ಕಾಲು ಜಜ್ಜಿಹೋಗಿದ್ದವು. ಆತುರಗೇಡಿ ತಮ್ಮ ಅಣ್ಣನಿಟ್ಟ ದಿಮ್ಮಿಯನ್ನು ಒಂದು ದಿನ ತಾನೇ ಎಳೆದುಬಿಟ್ಟ. ದಿಮ್ಮಣ್ಣ ಎಲ್ಲರೆದುರು ಅವನನ್ನು ಕೆಡವಿ ಬೂಟುಗಾಲಲ್ಲಿ ಒದ್ದ. ಎರಡು ಪಕ್ಕೆಲುಬು ಮುರಿದವು. ತಮ್ಮ ಕೆಲಸ ಬಿಟ್ಟ, ಮನೆಯನ್ನೂ ಬಿಟ್ಟ. ತಾಯಿ ಅವನ ಹಿಂದೆಯೇ ಹೊರಟುಹೋದಳು. ದಿಮ್ಮಣ್ಣನಿಗೆ ಕರುಳು ಚುರುಕ್ಕೆಂದಿತ್ತು, ಆದರೆ ತಪ್ಪಾಯಿತು ಎನ್ನುವ ಆಸಾಮಿ ಅವನಲ್ಲ. ಮುಂದೆ ತಾಯಿ ಸತ್ತ ಸುದ್ದಿ ಅವನಿಗೆ ಮುಟ್ಟಿದ್ದು ಮೂರು ದಿನ ತಡವಾಗಿ. ಮಣ್ಣು ಮಾಡಿಯಾಗಿತ್ತು.

ಆಮೇಲೆ ಕಂಪನಿಗೆ ಇಳಿಗಾಲ. ವಿಮಾನ ಬಾಡಿಗೆಗೆ ಕೊಟ್ಟವರು ಒಂದೊಂದನ್ನೇ ಎಳೆದೊಯ್ದರು. ಉಳಿದದ್ದು ಒಂದು. ಅದೊಂದಿದ್ದರೆ ಹಾರುವ ಪರವಾನಗಿ ಉಳಿಯುತ್ತಿತ್ತು, ಹೊಸಬರು ಕಂಪನಿ ಕೊಳ್ಳುತ್ತಿದ್ದರು, ಎಲ್ಲರ ಅನ್ನವೂ ಉಳಿಯುತ್ತಿತ್ತು. ಮಧ್ಯಾಹ್ನ ಎರಡಕ್ಕೆ ತಡೆಯಾಜ್ಞೆ ಕೈಗೆ ಬರುತ್ತದೆ, ಅಲ್ಲಿಯವರೆಗೆ ಅದು ಕದಲದಂತೆ ನೋಡಿಕೊಳ್ಳಿ ಎಂದಿದ್ದರು ಕೆಲಸಗಾರರ ವಕೀಲರು. ನಲವತ್ತು ಜನ ಕೆಲಸಗಾರರು ವಿಮಾನದ ಸುತ್ತ ಕೂತರು. ಮೂತಿಯ ಚಕ್ರಕ್ಕೆ ದಿಮ್ಮಿ ಕೊಟ್ಟು ಅದರ ಮೇಲೆಯೇ ದಿಮ್ಮಣ್ಣ ಕೂತ.

ಒಂದೂವರೆಗೆ ಎರಡು ಲಾರಿ ಬಂದವು. ವಿಮಾನ ಕೊಟ್ಟವರು ಕಳಿಸಿದ ಬಾಡಿಗೆ ಗೂಂಡಾಗಳು ಕಬ್ಬಿಣದ ಸರಳು ಹಿಡಿದು ಇಳಿದರು. ಅವರ ಮುಂದಾಳು ದಿಮ್ಮಣ್ಣನ ತಮ್ಮನೇ. ನಿಲ್ದಾಣದ ಕಾವಲಿನವರು ಬೆನ್ನು ತಿರುಗಿಸಿ ನಿಂತರು. ಟೈರಿನವನ ದವಡೆ ಒಡೆಯಿತು, ಬಣ್ಣದವನ ಮೊಣಕೈ ಹಿಂದುಮುಂದಾಯಿತು, ಟಿಕೆಟಿನ ಹೆಂಗಸನ್ನು ಕೂದಲು ಹಿಡಿದು ದರದರ ಎಳೆದರು. ಹಿಂದಿನ ಚಕ್ರಗಳ ದಿಮ್ಮಿ ಕಿತ್ತೆಸೆದು, ಎಳೆಯುವ ಟ್ರ್ಯಾಕ್ಟರನ್ನು ಮೂತಿಗೆ ಕಟ್ಟಿದರು. ಇನ್ನು ದಿಮ್ಮಣ್ಣನ ದಿಮ್ಮಿಯೊಂದೇ ಬಾಕಿ. ಅದು ಇರುವಾಗ ಎಳೆದರೆ ಚಕ್ರದ ಕಾಲೇ ಮುರಿಯುತ್ತದೆ. ಕುಂಟು ವಿಮಾನ ಯಾರಿಗೆ ಬೇಕು?

ಅವನಿಗೆ ಹಿಗ್ಗಾಮುಗ್ಗಾ ಬಡಿದರು. ತಲೆ ಒಡೆಯಿತು, ಎಡಗೈಯ ಮೂರು ಬೆರಳು ನುಜ್ಜಾದವು. ಅವನು ಜಪ್ಪಯ್ಯ ಅನ್ನಲಿಲ್ಲ. ಎರಡಾಗಲು ಇನ್ನು ಆರೇ ನಿಮಿಷ. ಆಗ ಗೂಂಡಾಗಳನ್ನು ಸರಿಸಿ ತಮ್ಮನೇ ಎದುರು ಕುಕ್ಕರಗಾಲಲ್ಲಿ ಕೂತ.

"ಅಮ್ಮ ಸಾಯೋ ದಿನ ಪೂರ್ತಿ ನಿನ್ನನ್ನೇ ಕೇಳ್ತಿದ್ಲು," ಎಂದ. "ಬೇಕೂಂತಲೇ ನಿಂಗೆ ಹೇಳಿ ಕಳಿಸ್ಲಿಲ್ಲ."

ದಿಮ್ಮಣ್ಣನ ಕಣ್ಣು ಕತ್ತಲಿಟ್ಟಿತು. ಎದ್ದ, ಕೈಗೆ ಸಿಕ್ಕಿದ್ದನ್ನು ಎತ್ತಿ ತಮ್ಮನ ಮುಖಕ್ಕೆ ಬೀಸಿದ. ಕೆನ್ನೆಯ ಮೂಳೆ ಲಟಕ್ಕೆಂದು ಮುರಿಯಿತು. ಕೈಗೆ ಸಿಕ್ಕಿದ್ದು ದಿಮ್ಮಿ. ಚಕ್ರದ ಮೇಲೇ ಕಣ್ಣಿಟ್ಟಿದ್ದ ಟ್ರ್ಯಾಕ್ಟರಿನವನು ಎಳೆದೇಬಿಟ್ಟ. ವಿಮಾನ ದಿಮ್ಮಣ್ಣನ ಭುಜ ಸವರಿಕೊಂಡು ಮುಂದೆ ಹೋಯಿತು. ನೆಲದಲ್ಲಿ ಬಿದ್ದವರೆಲ್ಲ ಅವನನ್ನೇ ನೋಡುತ್ತಿದ್ದರು. ನಾಚಿಕೆಯಿಂದ ಅವನಿಗೆ ಸಾಯಬೇಕೆನಿಸಿತು.

ತಮ್ಮ ರಕ್ತ ಉಗುಳಿದ. ಅವನ ಮುಖದಲ್ಲಿ ಗೆದ್ದ ಕಳೆ ಇರಲಿಲ್ಲ.

"ಸುಳ್ಳು ಹೇಳ್ದೆ ಅಣ್ಣ. ಎರಡು ಸಲ ಹೇಳಿ ಕಳಿಸಿದ್ದೆ. ಹೊಸ ಖಂಡಕ್ಕೆ ಮೊದಲ ವಿಮಾನ ಹೊರಡೋ ವಾರ, ಈಗ ಅವನನ್ನ ಬಿಡೋಕಾಗಲ್ಲ, ಆಮೇಲೆ ತಿಳಿಸ್ತೀವಿ ಅಂದ್ರು ನಿಮ್ಮ ಕಂಪನಿಯವರು."

ದಿಮ್ಮಣ್ಣ ಕುಸಿದು ಕೂತು ತಮ್ಮನ ತಲೆಯನ್ನು ತೊಡೆಯ ಮೇಲೆತ್ತಿಕೊಂಡ. ವಿಮಾನ ಹೋದ ಕಡೆ ತಿರುಗಿಯೂ ನೋಡಲಿಲ್ಲ.