ಬಾಣಂತಿ ಕೋಣೆಯ ಅಲಾರಂ

ಮೂವತ್ತು ವರ್ಷದಿಂದ ಕೊಳಾಲದ ಬಾಣಂತಿಯರಿಗೂ ಕೂಸುಗಳಿಗೂ ಎಣ್ಣೆನೀರು ಎರೆಯುತ್ತ ಬಂದ ರಾಜಲಕ್ಷ್ಮಮ್ಮನ ಚೀಲದಲ್ಲಿ ಈಗ ಹರಳೆಣ್ಣೆ, ಸಾಂಬ್ರಾಣಿಯ ಜೊತೆಗೆ ಕೆಂಡದಿಂದ ಹೊಮ್ಮುವ, ಕಣ್ಣಿಗೂ ಮೂಗಿಗೂ ಸಿಗದ ವಿಷಾನಿಲ ಕಾರ್ಬನ್ ಮಾನಾಕ್ಸೈಡನ್ನು ಪತ್ತೆಹಚ್ಚಿ ಕೂಗುವ ಅಲಾರಂ ಕೂಡ ಇರುತ್ತದೆ. ಕೋಣೆಗೆ ಕೆಂಡ ತರುವ ಮುಂಚೆ ಅದರ ಪರೀಕ್ಷೆಯ ಗುಂಡಿ ಒತ್ತುತ್ತಾಳೆ. ಅದು ಕೂಗಿದರೆ ಮಾತ್ರ ಮುಂದಿನ ಕೆಲಸ. ಯುಗಾದಿಗೊಮ್ಮೆ ಬ್ಯಾಟರಿ ಬದಲಿಸುವುದನ್ನು ಮರೆತವಳಲ್ಲ.

ಮೊನ್ನೆ ದಾಕ್ಷಾಯಣಮ್ಮ ತನ್ನ ಬಾಣಂತಿ ಸೊಸೆಗೆ ಥಂಡಿ ಗಾಳಿ ತಗುಲೀತೆಂದು ಕಿಟಕಿಯ ಸಂದಿಗೆಲ್ಲ ಬಟ್ಟೆ ತುರುಕಿದ್ದಳು. ಹೊಗೆಯಡಗಿ ಕೆಂಡ ನಿಗಿನಿಗಿ ಅನ್ನುತ್ತಿದ್ದಾಗ ಅಲಾರಂ ಕಿರುಚಿಕೊಂಡಿತು.

"ಹೊಗೇನೇ ಇಲ್ಲ, ಯಾಕಿಂಗೆ ಬಡ್ಕೊಳ್ತೈತೆ? ಕೆಟ್ಟೋಗೈತೆ, ಬ್ಯಾಟ್ರಿ ಕಿತ್ತಾಕು" ಎಂದಳು ದಾಕ್ಷಾಯಣಮ್ಮ.

ರಾಜಲಕ್ಷ್ಮಮ್ಮ ಕೂಸನ್ನೆತ್ತಿಕೊಂಡು, ಬಾಣಂತಿಯ ಕೈಹಿಡಿದು ಅಂಗಳಕ್ಕೆ ಕರೆತಂದಳು. ಆಮೇಲೆ ಹಿಂದೆಯೇ ಬಂದ ದಾಕ್ಷಾಯಣಮ್ಮನಿಗೆ ಹೇಳಿದಳು.

"ಹೊಗೆ ಇದ್ದಿದ್ರೆ ನಾನೇ ಕೆಮ್ತಿದ್ದೆ ಕಣಮ್ಮ. ಹೊಗೆ ಇಲ್ದಾಗ ಕೂಗ್ಲಿ ಅಂತ್ಲೇ ಇದನ್ನ ಇಟ್ಕೊಂಡಿರಾದು."