ಬೀಡಿ ಪೆಟ್ಟಿಗೆಯ ಬಲ್ಬು

ಆಗೆಲ್ಲ ನಮ್ಮ ಕಡೆ ಮಳೆಗಾಲದಲ್ಲಿ ಬಲ್ಬು ಬೇಕಾದದ್ದು ಬರೀ ಬೆಳಕಿಗಲ್ಲ. ಒದ್ದೆ ಯೂನಿಫಾರಂ ಒಣಗಿಸಲಿಕ್ಕೆ, ಮೆತ್ತಗಾದ ಬೆಂಕಿಪೊಟ್ಟಣ ಸರಿಮಾಡಲಿಕ್ಕೆ, ಕೋಳಿಮರಿಗಳನ್ನು ಬೆಚ್ಚಗಿಡಲಿಕ್ಕೆ ಅದೇ ಆಗಬೇಕಿತ್ತು. ನಿಮ್ಮ ಮನೆಯಲ್ಲೂ ಹಾಗೇ ಇದ್ದಿರಬಹುದು. ಕಾರ್ಕಳದ ಹತ್ತಿರದ ನಮ್ಮ ಮನೆಯಲ್ಲಿ ಅದಕ್ಕೆ ಇನ್ನೂ ಒಂದು ಕೆಲಸವಿತ್ತು, ಅಮ್ಮನ ಬೀಡಿ ಒಣಗಿಸುವುದು.

ಅಪ್ಪ ತೀರಿಕೊಂಡಿದ್ದರು. ಬೀಡಿ ಕಂಪನಿಯ ಬ್ರಾಂಚಿನಲ್ಲಿ ಅಮ್ಮನ ಹೆಸರಿಗೆ ಒಂದು ಕಾರ್ಡು ಇತ್ತು. ಆ ಕಾರ್ಡು ತೋರಿಸಿದರೆ ವಾರಕ್ಕೊಮ್ಮೆ ಎಲೆ, ಹೊಗೆಸೊಪ್ಪು, ನೂಲು ಕೊಟ್ಟು, ಕಟ್ಟಿದ ಬೀಡಿ ನೋಡಿ ತೆಗೆದುಕೊಂಡು ಕೂಲಿ ಕೊಡುತ್ತಿದ್ದರು. ನಮ್ಮ ಅನ್ನ ಅದರಿಂದಲೇ. ಮಳೆಗಾಲದಲ್ಲಿ ಕಟ್ಟಿದ ಬೀಡಿ ತಂಪು ಹಿಡಿದು ಮೆತ್ತಗಾಗುತ್ತದೆ. ಒಲೆಯ ಮೇಲಿಟ್ಟರೆ ಹೊಗೆ ವಾಸನೆ. ಅದಕ್ಕೆ ಅಪ್ಪ ಇದ್ದಾಗಲೇ ಒಂದು ಚಹಾದ ಮರದ ಪೆಟ್ಟಿಗೆಯೊಳಗೆ ಹೋಲ್ಡರ್ ಕೂರಿಸಿ, ಅರವತ್ತು ವ್ಯಾಟಿನ ಬಲ್ಬು ಹಾಕಿ, ಮೇಲೆ ತಂತಿಯ ಜಾಲರಿ ಇಟ್ಟು ಕೊಟ್ಟಿದ್ದರು. ಜಾಲರಿಯ ಮೇಲೆ ಬೀಡಿಯ ಕಟ್ಟುಗಳು. ಅಮ್ಮ ಆಗಾಗ ಅಂಗೈ ಇಟ್ಟು ನೋಡುತ್ತಿದ್ದಳು. "ಇನ್ನು ಸ್ವಲ್ಪ ಆಗ್ಬೇಕು" ಅಂತಲೋ "ಸಾಕು, ತೆಗಿ" ಅಂತಲೋ ಹೇಳುತ್ತಿದ್ದಳು. ಅವಳ ಅಂಗೈ ತಪ್ಪಿದ್ದು ನಾನು ಕಂಡಿಲ್ಲ. ಆ ಪೆಟ್ಟಿಗೆಗೆ ಬೆನ್ನು ಕೊಟ್ಟು, ಸುಟ್ಟ ಹಲಸಿನ ಬೀಜ ತಿನ್ನುತ್ತಾ ಕೂತರೆ ಬಿಸಿ ಎಲೆಯ ಸಿಹಿ ವಾಸನೆ ಅಂಗಿಗೆಲ್ಲ ಹತ್ತುತ್ತಿತ್ತು.

ನಾನು ಶಾಲೆಗೆ ಸೇರಿದ್ದು ಒಂಬತ್ತು ವರ್ಷಕ್ಕೆ. ಅಲ್ಲಿಯವರೆಗೆ ಅಮ್ಮನ ಪಕ್ಕ ಕೂತು ಬೀಡಿಯ ಬಾಯಿ ಮಡಚುತ್ತಿದ್ದೆ. ಐದನೇ ಕ್ಲಾಸಿಗೆ ಬರುವಾಗ ನನಗೆ ಮೀಸೆ ಚಿಗುರಿತ್ತು. ಕ್ಲಾಸಿನ ಮಕ್ಕಳು ನನ್ನನ್ನು ಮಾವ ಅಂತ ಕರೆಯುತ್ತಿದ್ದರು. ಆದರೆ ಮನೆಯಲ್ಲಿ ಓದು ಬಲ್ಲವನು ನಾನೊಬ್ಬನೇ. ಮಾತ್ರೆಯ ಚೀಟಿಯನ್ನೂ ಅಮ್ಮ ನನ್ನ ಮುಂದೆಯೇ ಹಿಡಿಯುತ್ತಿದ್ದಳು.

ಆ ವರ್ಷ ಮಳೆ ಹಿಡಿಯುವ ಮೊದಲು ಅಮ್ಮನ ತಮ್ಮ ಸದಾನಂದ ಮಾವ ಬಂದ. ಅವನಿಗೆ ಮಣಿಪಾಲದಲ್ಲಿ ವಯರಿಂಗ್ ಕೆಲಸ.

"ಅಕ್ಕ, ಈ ವಯರು ಮುಟ್ಟಿದ್ರೆ ನೀನು ಸೀದಾ ಸ್ವರ್ಗಕ್ಕೆ."

"ಅಲ್ಲಿ ಬೀಡಿ ಎಲೆ ಕೊಡ್ತಾರಂತಾ?"

ಮಾವ ನನ್ನನ್ನು ಉಡುಪಿಯ ಒಂದು ಅಂಗಡಿಗೆ ಕರೆದುಕೊಂಡು ಹೋದ. ಅಂಗಡಿಯವರು ಸುರುಳಿ ಸುತ್ತಿದ ಸಿಎಫ್‌ಎಲ್ ಬಲ್ಬುಗಳನ್ನು ಒಂದೊಂದಾಗಿ ಉರಿಸಿ ತೋರಿಸಿ, ಗ್ಯಾರಂಟಿಗೆ ಅಂತ ಬುಡದಲ್ಲಿ ಪೆನ್ನಿನಿಂದ ತಾರೀಕು ಬರೆದು ಕೊಟ್ಟರು. "ಹದಿನೈದು ವ್ಯಾಟು ಅರವತ್ತಕ್ಕೆ ಸಮ," ಅಂದರು. ಮಾರನೇ ದಿನ ಮಾವ ಗೋಡೆ ಕೊರೆದು ವಯರಿಗೆ ಪಟ್ಟಿ ಹೊಡೆದು, ಚಾವಡಿಗೆ, ಅಡಿಗೆಕೋಣೆಗೆ, ಬಚ್ಚಲಿಗೆ ಹೊಸ ಹೋಲ್ಡರ್ ಕೂರಿಸಿದ. ಮನೆ ಹಾಲಿನ ಹಾಗೆ ಬೆಳ್ಳಗಾಯಿತು. ಒಂದು ಬಲ್ಬು ಉಳಿಯಿತು. ಮಾವ ಸಂಜೆಯ ಬಸ್ಸು ಹಿಡಿದ ಮೇಲೆ ಅದನ್ನು ಬೀಡಿ ಪೆಟ್ಟಿಗೆಗೆ ಹಾಕಿದ್ದು ನಾನು.

ಅಮ್ಮ ಜಾಲರಿಯ ಮೇಲೆ ಕೈ ಇಟ್ಟು ನೋಡಿದಳು. "ಇದು ತಣ್ಣಗೆ ಉಂಟಲ್ಲ ಮಗ?"

"ಅದೇ ಒಳ್ಳೇದಮ್ಮ. ಹಳೆ ಬಲ್ಬಿನಲ್ಲಿ ಬಿಸಿಗೆ ಹೋಗುವ ಕರೆಂಟೆಲ್ಲ ದಂಡ. ಪುಸ್ತಕದಲ್ಲಿ ಉಂಟು."

"ಪುಸ್ತಕದಲ್ಲಿ ಉಂಟಾ?" ಅಂದಳು. ಕೈ ತೆಗೆದಳು.

ತೆಗೆದ ಹಳೆ ಬಲ್ಬುಗಳನ್ನು ನಾನು ಬಟ್ಟೆ ಒಗೆಯುವ ಕಲ್ಲಿಗೆ ಬಡಿದು ಒಡೆದೆ. ಆ ಟಪ್ ಎನ್ನುವ ಸದ್ದು ಕೇಳಲಿಕ್ಕೆ ನನಗೆ ಬಹಳ ಖುಷಿ.

ಮಳೆ ಶುರುವಾದ ಮೊದಲ ವಾರ ಬ್ರಾಂಚಿನ ಚೆಕ್ಕರ್ ಅಮ್ಮನ ಬೀಡಿ ಎತ್ತಿ ಹಿಡಿದರು. ಅದು ಬಾಗಿತು.

"ಇದೆಂತ ಮಾರಾಯ್ತಿ, ಬೀಡಿಯಾ ಬಸಳೆ ದಂಟಾ?"

ಸಾಲಿನಲ್ಲಿದ್ದ ಹೆಂಗಸರು ನಕ್ಕರು. ಬೇಡವಾದ ಬೀಡಿಯನ್ನು ವಾಪಸು ಕೊಡುವ ಕ್ರಮ ಅಲ್ಲಿಲ್ಲ. ಕಣ್ಣೆದುರೇ ಮುರಿದು ಡಬ್ಬಕ್ಕೆ ಹಾಕುತ್ತಾರೆ. ಎರಡನೇ ವಾರ ಅರ್ಧಕ್ಕಿಂತ ಹೆಚ್ಚು ಮುರಿದರು. "ಇನ್ನೊಂದು ಸಲ ಹೀಗಾದ್ರೆ ಕಾರ್ಡು ಇಲ್ಲೇ ಇಟ್ಟು ಹೋಗ್ಬೇಕು," ಅಂದರು.

ಆವತ್ತು ಮನೆಗೆ ಬಂದವನೇ ಪೆಟ್ಟಿಗೆಯೊಳಗೆ ಕೈ ಹಾಕಿದೆ. ಬೆಳಕು ತುಂಬಿತ್ತು, ಬಿಸಿ ಇರಲಿಲ್ಲ.

"ಅಮ್ಮ, ತಪ್ಪು ನನ್ನದು. ಬೀಡಿಗೆ ಬೇಕಾದದ್ದು ಆ ಬಿಸಿಯೇ."

"ಸುಮ್ಮನಿರು. ಈ ಸಲದ ಎಲೆಯೇ ಸರಿ ಇಲ್ಲ."

"ನೀನೇ ಹೇಳಿದ್ದಿಯಲ್ಲ, ತಣ್ಣಗೆ ಉಂಟು ಅಂತ."

"ನಾನೆಂತ ಓದಿದವಳಾ? ಇವತ್ತೊಂದು ನಾಳೆಯೊಂದು ಹೇಳುವುದಾದ್ರೆ ಶಾಲೆಗೆ ಯಾಕೆ ಹೋಗುವುದು ನೀನು?"

ಅವಳಿಗೆ ಎಲೆ ಕೆಟ್ಟರೂ ಆಗಬಹುದಿತ್ತು, ಕಾರ್ಡು ಹೋದರೂ ಆಗಬಹುದಿತ್ತು. ನನ್ನ ಓದು ಸುಳ್ಳಾಗಬಾರದಿತ್ತು.

ಮೂರನೇ ವಾರ ಅವಳಿಗೆ ಹೇಳದೆ ಅಂಗಡಿಯಿಂದ ಅರವತ್ತು ವ್ಯಾಟಿನ ಬಲ್ಬು ತಂದು ಹಾಕಿದೆ. ಅದೇ ಸಂಜೆ ಗಾಳಿಗೆ ಮರ ಬಿದ್ದು ಲೈನು ತುಂಡಾಯಿತು. ನಾಲ್ಕು ದಿನ ಕರೆಂಟಿಲ್ಲ. ಬೀಡಿಯ ಕಟ್ಟುಗಳನ್ನು ಟವೆಲಿನಲ್ಲಿ ಸುತ್ತಿ ಹೊಟ್ಟೆಗೆ ಒತ್ತಿಕೊಂಡು ಕೂತೆ. ಮನುಷ್ಯನ ಮೈಬಿಸಿಗೆ ಬೀಡಿ ಒಣಗುವುದಿಲ್ಲ. ಐದನೇ ದಿನ ಬ್ರಾಂಚಿನ ದಿನ. ಚೆಕ್ಕರ್ ಬೈಯಲೂ ಇಲ್ಲ, ಕೈ ಚಾಚಿದರು. ಅಮ್ಮ ಸೆರಗಿನ ಗಂಟು ಬಿಚ್ಚಿ ಕಾರ್ಡು ಕೊಟ್ಟಳು.

ಆಮೇಲೆ ಅವಳು ಗೇರುಬೀಜದ ಫ್ಯಾಕ್ಟರಿಗೆ ಹೋದಳು. ಸಿಪ್ಪೆಯ ಎಣ್ಣೆಗೆ ಅಂಗೈ ಸುಟ್ಟು ಕಪ್ಪಾಯಿತು. ನನ್ನನ್ನು ಮಾತ್ರ ಶಾಲೆ ಬಿಡಿಸಲಿಲ್ಲ.

ಈಗ ನನ್ನ ಮನೆಯಲ್ಲಿ ಎಲ್ಲ ಎಲ್‌ಇಡಿ. ಎಷ್ಟು ಹೊತ್ತು ಉರಿದರೂ ಮುಟ್ಟಬಹುದು. ಚಹಾದ ಪೆಟ್ಟಿಗೆಗೆ ಗೆದ್ದಲು ಹಿಡಿದು ಹೋಯಿತು, ಆ ಎಲೆಯ ವಾಸನೆ ಎಲ್ಲೂ ಸಿಗುವುದಿಲ್ಲ. ಅದಕ್ಕೆಲ್ಲ ನನಗೆ ಅಷ್ಟು ಬೇಸರವಿಲ್ಲ. ಅಮ್ಮ ನನ್ನ ಜೊತೆಯಲ್ಲೇ ಇದ್ದಾಳೆ. ಮೊನ್ನೆ ನನ್ನ ಮಗಳಿಗೆ ಜ್ವರ ಬಂದಾಗ ಅಮ್ಮ ಅವಳ ಹಣೆಯ ಮೇಲೆ ಅಂಗೈ ಇಟ್ಟು ಕೂತಿದ್ದಳು. "ಬಿಸಿ ಉಂಟಾ ಅಮ್ಮ?" ಅಂತ ಕೇಳಿದೆ.

ಅವಳು ಕೈ ತೆಗೆದು ಹೇಳಿದಳು, "ನನಗೆಂತ ಗೊತ್ತಾಗ್ತದೆ ಮಗ. ನೀನು ನೋಡು."