ಕೀಳದ ಸ್ಟಿಕ್ಕರ್

ಜಹೀರ್ ಅಹಮದ್ ಶಿರಾದಲ್ಲಿ ಕನ್ನಡಕದ ಅಂಗಡಿ ಇಟ್ಟು ಮೂವತ್ತು ವರ್ಷವಾಯಿತು. ಈಚೆಗೆ ಜನ ಅಲ್ಲಿಗೆ ಕೊಳ್ಳಲು ಬರುವುದಿಲ್ಲ. ಆನ್‌ಲೈನಿನಲ್ಲಿ ಕೊಂಡದ್ದು ಅಸಲಿಯೋ ನಕಲಿಯೋ ಎಂದು ಕೇಳಲು ಬರುತ್ತಾರೆ. ಅದಕ್ಕೇ ಅವರಿಗೆ ಮೈ ಉರಿ.

ಅಂದು ಪಾವಗಡ ಬಸ್ಸಿನ ಡ್ರೈವರ್ ಪ್ರಸನ್ನ ಕುಮಾರ್ ದೊಡ್ಡ ಕಂಪನಿ ಹೆಸರಿನ ಕೂಲಿಂಗ್ ಗ್ಲಾಸ್ ತಂದಿಟ್ಟ. ಎರಡು ತಿಂಗಳು ಹಾಕಿಕೊಂಡಿದ್ದರೂ ಗಾಜಿನ ಮೇಲಿನ ಸ್ಟಿಕ್ಕರ್ ಹಾಗೇ ಇತ್ತು.

"ಕಿತ್ರೆ ಡೂಪ್ಲಿಕೇಟ್ ಅಂದ್ಕೊತಾರೆ ಸಾಬ್ರೇ. ಒಸಿ ತಲೆನೋವು ಬತ್ತದೆ, ಅಷ್ಟೇಯ."

ಜಹೀರ್ ಅದನ್ನು ತೋಳುದ್ದ ಹಿಡಿದು, ಗಾಜಿನ ಮೂಲಕ ಬಾಗಿಲ ಚೌಕಟ್ಟನ್ನು ನೋಡುತ್ತ ಮೆಲ್ಲಗೆ ಆಡಿಸಿದರು. ನೆಟ್ಟಗಿದ್ದ ಚೌಕಟ್ಟು ಹಾವಿನಂತೆ ಬಳುಕಿತು.

"ನಕಲಿ ಕಣಪ್ಪ. ಇದ್ರಲ್ಲಿ ರಸ್ತೇನೇ ಸೊಟ್ಟ ಕಾಣ್ತದೆ."

"ಆನ್‌ಲೈನಲ್ಲಿ ಎರಡು ಸಾವ್ರ ಜನ ಚೆನ್ನಾಗದೆ ಅಂತ ಬರ್ದವ್ರೆ."

"ನಿನ್ ಬಸ್ಸಲ್ಲಿ ಕೂರೋರು ಆ ಎರಡು ಸಾವ್ರ ಜನ ಅಲ್ಲ."

ಸಿಟ್ಟು ತಡೆಯದೆ ಜಹೀರ್ ಉಗುರಿನಿಂದ ಸ್ಟಿಕ್ಕರ್ ಎಬ್ಬಿಸಿದರು. ಗಾಜಿನ ಮೇಲಿದ್ದ ಕಂಪನಿಯ ಹೆಸರೂ ಅದಕ್ಕೇ ಅಂಟಿಕೊಂಡು ಬಂತು.

ಪ್ರಸನ್ನ ಕನ್ನಡಕವನ್ನು ಕಿತ್ತುಕೊಂಡ. "ಒರಿಜಿನಲ್ ಮಾಲು ಕೆಡಿಸ್ಬುಟ್ರಲ್ಲ ಸಾಬ್ರೇ."

ಅದನ್ನೇ ಕಣ್ಣಿಗೇರಿಸಿಕೊಂಡು ಬಿರಬಿರನೆ ಹೊರಟ. ಎದುರಿಗೆ ನಿಂತಿದ್ದ ಅವನ ಬಸ್ಸಿನಲ್ಲಿ ಒಂದು ಸೀಟೂ ಖಾಲಿ ಇರಲಿಲ್ಲ.